ಖೂಬಾ ಪ್ಲಾಟಿನ ಓಣಿ, ಕಮಲಾಪುರದ ಹೈವೇ: ವೇಗದ ಲಗಾಮು ಯಾರ ಕೈಲಿ?

ಮೋಟಾರು ವಾಹನ ಕಾಯ್ದೆ 1988ರ 112ನೇ ಕಲಂ ವೇಗದ ಮಿತಿಯನ್ನು ಎರಡು ಹಂತದಲ್ಲಿ ಇಟ್ಟಿದೆ. ದೇಶಕ್ಕೆಲ್ಲ ಅನ್ವಯಿಸುವ ಗರಿಷ್ಠ ಮಿತಿಯನ್ನು ಕೇಂದ್ರ ಗೊತ್ತುಮಾಡುತ್ತದೆ. ಒಂದು ಸೇತುವೆಗೋ, ಶಾಲೆಯ ಮುಂದಿನ ಓಣಿಗೋ ಅದಕ್ಕಿಂತ ಕಡಿಮೆ ಮಿತಿ ಬೇಕೆನಿಸಿದರೆ ರಾಜ್ಯ ಸರ್ಕಾರ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರ, ರಾಜ್ಯಪತ್ರದಲ್ಲಿ ಪ್ರಕಟಿಸಿ ಫಲಕ ನೆಟ್ಟು ಜಾರಿಗೆ ತರಬಹುದು. ಕಾಗದದ ಮೇಲೆ ಸರಳವಾಗಿರುವ ಈ ವ್ಯವಸ್ಥೆ ರಸ್ತೆಗೆ ಇಳಿದಾಗ ಎಲ್ಲೆಲ್ಲಿ ತೊಡರುತ್ತದೆ ಎಂಬುದಕ್ಕೆ ಕಲಬುರಗಿ ಜಿಲ್ಲೆಯಲ್ಲೇ ಎರಡು ಮಾದರಿಗಳಿವೆ. ಒಂದು ನಗರದ ಖೂಬಾ ಪ್ಲಾಟ್. ಶರಣಬಸವೇಶ್ವರ ಗುಡಿಯ ಕಡೆಗಿನ ಈ ಬಡಾವಣೆಯಲ್ಲಿ ಮನೆ, ಅಂಗಡಿ, ದವಾಖಾನೆ, ಶಾಲೆಗೆ ಹೋಗುವ ಮಕ್ಕಳು, ಎಲ್ಲಕ್ಕೂ ಒಂದೇ ರಸ್ತೆ. ಇನ್ನೊಂದು, ಅಲ್ಲಿಂದ ಸುಮಾರು 35 ಕಿ.ಮೀ. ದೂರದ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಈ ತಾಲೂಕು ಕೇಂದ್ರ ಕಲಬುರಗಿ–ಹುಮನಾಬಾದ್ ನಡುವಿನ ಹೆದ್ದಾರಿಯ ಮೇಲಿದೆ. ನಗರಕ್ಕೆ 2019ರಿಂದ ಪೊಲೀಸ್ ಕಮಿಷನರೇಟ್ ಇದೆ. ಕಮಲಾಪುರ ಠಾಣೆ ಜಿಲ್ಲಾ ಎಸ್‌ಪಿ ವ್ಯಾಪ್ತಿಗೆ ಬರುತ್ತದೆ. ಓಣಿಯ ರಸ್ತೆ ಮಹಾನಗರ ಪಾಲಿಕೆಯದ್ದು, ಹೆದ್ದಾರಿ ಬೇರೆ ಇಲಾಖೆಯದ್ದು. ಈ ಎರಡು ಜಾಗಗಳನ್ನು ಮುಂದಿಟ್ಟುಕೊಂಡು ಮೂವರು ನಡೆಸಿದ ಚರ್ಚೆ ಇಲ್ಲಿದೆ.

ಮೊದಲನೆಯವರು: ಇದರಲ್ಲಿ ಅಷ್ಟು ಚರ್ಚಿಸುವುದೇನಿದೆ? ಜೋರಾಗಿ ಹೊಡೆದವನಿಗೆ ದಂಡ ಬೀಳಬೇಕು. ನಾಲ್ಕು ದಿನ ಸ್ಪೀಡ್ ಗನ್ ಹಿಡಿದು ನಿಂತರೆ ಐದನೇ ದಿನ ಎಲ್ಲರೂ ದಾರಿಗೆ ಬರುತ್ತಾರೆ.

ಎರಡನೆಯವರು: ಆರನೇ ದಿನ ಗನ್ ಇನ್ನೊಂದು ಕಡೆ ಹೋಗಿರುತ್ತದೆ, ಏಳನೇ ದಿನ ಎಲ್ಲ ಮೊದಲಿನಂತೆ. ಪೊಲೀಸರು ನಿಲ್ಲುವುದು ಜಗತ್ ಸರ್ಕಲ್ಲಿನಂಥ ಚೌಕಗಳಲ್ಲಿ. ಚೌಕಕ್ಕೆ ಬರುವಾಗ ಗಾಡಿ ಹೇಗೂ ನಿಧಾನವಾಗುತ್ತದೆ. ವೇಗ ಏರುವುದು ಎರಡು ಚೌಕಗಳ ನಡುವೆ, ಸಿಗ್ನಲ್ ತಪ್ಪಿಸಲು ಓಣಿಗೆ ನುಗ್ಗಿದಾಗ. ಖೂಬಾ ಪ್ಲಾಟಿನಂಥ ಬಡಾವಣೆಯ ಒಳರಸ್ತೆಗಳು ಇಂಥ ಅಡ್ಡದಾರಿಗೆ ಹೇಳಿ ಮಾಡಿಸಿದಂತಿರುತ್ತವೆ. ಪ್ರತಿ ಓಣಿಗೂ ಒಬ್ಬ ಪೇದೆಯನ್ನು ನಿಲ್ಲಿಸುವಷ್ಟು ಸಿಬ್ಬಂದಿ ಯಾವ ನಗರದಲ್ಲೂ ಇಲ್ಲ.

ಮೊದಲನೆಯವರು: ದಂಡದ ಮೊತ್ತ ಏರಿಸಿದರೆ?

ಎರಡನೆಯವರು: ಏರಿಸಿ ನೋಡಿಯಾಗಿದೆ. 2019ರ ತಿದ್ದುಪಡಿಯಲ್ಲಿ 183ನೇ ಕಲಮಿನ ದಂಡ ಲಘು ವಾಹನಗಳಿಗೆ 1,000–2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000–4,000 ರೂಪಾಯಿ ಆಯಿತು. ಎರಡನೇ ಸಲ ಸಿಕ್ಕಿದರೆ ಲೈಸನ್ಸ್ ಜಪ್ತಿಗೂ ಅವಕಾಶ ಬಂತು. ಜನ ಕೂಗೆಬ್ಬಿಸಿದ ಮೇಲೆ ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕ ಹಲವು ದಂಡಗಳನ್ನು ಇಳಿಸಿತು. ಆಮೇಲೆ 2023ರಲ್ಲಿ ಬಾಕಿ ಚಲನ್‌ಗಳಿಗೆ ಶೇ 50 ರಿಯಾಯಿತಿ, 2025ರಲ್ಲಿ ಮತ್ತೆ ರಿಯಾಯಿತಿ. ಮೊಬೈಲಿಗೆ ಬಂದ ಚಲನ್ ನೋಡಿ "ಇರಲಿ ಬಿಡು, ಮುಂದೆ ಅರ್ಧಕ್ಕೆ ಕಟ್ಟೋಣ" ಎನ್ನುವುದನ್ನು ಜನರಿಗೆ ಕಲಿಸಿದ್ದು ಸರ್ಕಾರವೇ. ದಂಡದ ಮೊತ್ತ ಎಷ್ಟು ದೊಡ್ಡದು ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದು ಚಾಲಕನ ಕಾಲನ್ನು ಹಿಡಿಯುತ್ತದೆ.

ಮೊದಲನೆಯವರು: ಓಣಿಯೊಳಗೆ ಯಾರೂ ನೂರರಲ್ಲಿ ಹೋಗುವುದಿಲ್ಲವಲ್ಲ. ಹೆಚ್ಚೆಂದರೆ ನಲವತ್ತು, ಐವತ್ತು. ಅದಕ್ಕೆ ಇಷ್ಟೆಲ್ಲ ಗಲಾಟೆ ಏಕೆ?

ಎರಡನೆಯವರು: ಗಲಾಟೆ ಇರುವುದೇ ಮೂವತ್ತಕ್ಕೂ ಐವತ್ತಕ್ಕೂ ನಡುವೆ. ಎದುರಿಗೆ 15 ಮೀಟರ್ ದೂರದಲ್ಲಿ ಚೆಂಡಿನ ಹಿಂದೆ ಒಂದು ಮಗು ರಸ್ತೆಗೆ ಓಡಿಬಂತು ಎನ್ನೋಣ. ಕಣ್ಣು ಕಂಡದ್ದಕ್ಕೆ ಕಾಲು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯಿರಿ. ಗಂಟೆಗೆ 30 ಕಿ.ಮೀ.ಯಲ್ಲಿರುವ ಕಾರು ಆ ಒಂದು ಸೆಕೆಂಡಿನಲ್ಲಿ ಎಂಟೂ ಚಿಲ್ಲರೆ ಮೀಟರ್ ಸಾಗುತ್ತದೆ. ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದು ನಿಲ್ಲಲು ಇನ್ನೈದು ಮೀಟರ್ ಬೇಕು. ಒಟ್ಟು 13 ಮೀಟರಿನ ಆಸುಪಾಸು. ಮಗುವಿಗೆ ತಾಗುವ ಮುಂಚೆ ಕಾರು ನಿಂತಿರುತ್ತದೆ. ಅದೇ ಕಾರು 50ರಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಮುಗಿಯಿತು. ಬ್ರೇಕ್ ಕಚ್ಚಲು ಉಳಿದದ್ದು ಒಂದು ಮೀಟರ್. ಕಾರು ಮಗುವಿಗೆ ಗುದ್ದುವಾಗ ವೇಗ 48ರ ಆಸುಪಾಸಿನಲ್ಲೇ ಇರುತ್ತದೆ. ಚಾಲಕ ಹುಷಾರಾಗಿದ್ದ, ಕುಡಿದಿರಲಿಲ್ಲ, ಬ್ರೇಕ್ ಸರಿಯಿತ್ತು. ಆದರೂ ಕೈಮೀರಿತು.

ಮೊದಲನೆಯವರು: ಮತ್ತೆ ಗುದ್ದಿದ ಪೆಟ್ಟು?

ಎರಡನೆಯವರು: ಪೆಟ್ಟಿನ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 30ರ ಪೆಟ್ಟು ಮೂರೂವರೆ ಮೀಟರ್ ಎತ್ತರದಿಂದ, ಅಂದರೆ ಒಂದಂತಸ್ತಿನ ಮಾಳಿಗೆಯಿಂದ ಬಿದ್ದಂತೆ. 50ರದ್ದು ಹತ್ತಿರ ಹತ್ತು ಮೀಟರ್. 60ಕ್ಕೆ ಹೋದರೆ 14 ಮೀಟರ್. ಜಗತ್ತಿನ ರಸ್ತೆ ಸುರಕ್ಷತೆಯ ಚರ್ಚೆ 30ರ ಸುತ್ತ ನಿಂತಿರುವುದು ಇದಕ್ಕೇ. 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆ, ನಡೆಯುವವರೂ ವಾಹನಗಳೂ ಬೆರೆಯುವ ಕಡೆ ಮಿತಿ 30 ಇರಲಿ ಎಂದಿತು. ಸ್ಪೇನ್ 2021ರ ಮೇ ತಿಂಗಳಲ್ಲಿ, ದಿಕ್ಕಿಗೊಂದೇ ಲೇನ್ ಇರುವ ನಗರರಸ್ತೆಗಳಿಗೆಲ್ಲ ಅದನ್ನೇ ಕಾನೂನು ಮಾಡಿತು.

ಮೊದಲನೆಯವರು: ನಮ್ಮಲ್ಲಿ?

ಎರಡನೆಯವರು: 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆ ನಗರವ್ಯಾಪ್ತಿಯ ರಸ್ತೆಯಲ್ಲಿ ಕಾರಿಗೆ 70, ಬೈಕಿಗೆ 60, ಆಟೋಗೆ 50 ಎಂದು ಮೇಲ್ಮಿತಿ ಇಟ್ಟಿತು. ವೇಗ ಏರಿಸಿದ್ದೇ ತಪ್ಪೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಆ ಅಧಿಸೂಚನೆಯ ವಿರುದ್ಧ ತೀರ್ಪು ಕೊಟ್ಟದ್ದು ಬೇರೆ ಕಥೆ. ಖೂಬಾ ಪ್ಲಾಟಿನ ಓಣಿಯಲ್ಲಿ 70 ಎಂದರೆ ನಗು ಬರುತ್ತದೆ. ಆದರೆ ಕಡಿಮೆ ಮಿತಿಯ ಫಲಕ ಇಲ್ಲದ ಕಡೆ ಪೊಲೀಸರ ಕೈಲಿ ಇರುವುದು ಆ ಅಂಕಿಯೇ. 45ರಲ್ಲಿ ನುಗ್ಗುವ ಬೈಕಿನ ಮೇಲೆ ವೇಗದ ಕೇಸು ಹಾಕಲು ಆಗುವುದಿಲ್ಲ. ಹೆಚ್ಚೆಂದರೆ ಅಪಾಯಕಾರಿ ಚಾಲನೆಯ 184ನೇ ಕಲಂ, ಅದನ್ನು ಸಾಬೀತು ಮಾಡುವುದು ಇನ್ನೂ ಕಷ್ಟ. ದಂಡ, ಗನ್ ಎಲ್ಲಕ್ಕೂ ಮುಂಚೆ ಬೇಕಾದದ್ದು 112ನೇ ಕಲಮಿನಡಿ ಒಂದು ಸ್ಥಳೀಯ ಮಿತಿ ಮತ್ತು ಓಣಿಯ ಬಾಯಿಯಲ್ಲಿ ಒಂದು ಫಲಕ.

ಮೊದಲನೆಯವರು: ರಾಜ್ಯಪತ್ರಕ್ಕೆ ಹೋಗಿ ಬರುವಷ್ಟರಲ್ಲಿ ವರ್ಷ ಕಳೆಯುತ್ತದೆ.

ಎರಡನೆಯವರು: ಕಾಯಂ ಮಿತಿಗೆ ಅದು ನಿಜ. ಆದರೆ ಅದೇ ಕಲಂ ಒಂದು ಸಣ್ಣ ಕಿಂಡಿ ಇಟ್ಟಿದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದ ಪ್ರಕಟಣೆ ಬೇಕಿಲ್ಲ. ಹೋಳಿ ಹುಣ್ಣಿಮೆಯ ಬೆನ್ನಿಗೆ ಶರಣಬಸವೇಶ್ವರ ಜಾತ್ರೆ ಬರುತ್ತದೆ, ಗುಡಿಯ ಸುತ್ತಿನ ರಸ್ತೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಿನಗಳಿಗೆ 20 ಅಥವಾ 30ರ ತಾತ್ಕಾಲಿಕ ಮಿತಿ ಹಾಕಲು ಒಂದು ಆದೇಶ, ಕೆಲವು ಫಲಕ ಸಾಕು. ಜಾತ್ರೆಯಲ್ಲಿ ಮಾಡಿ ನೋಡಿದ್ದನ್ನು ಮುಂದೆ ಕಾಯಂ ಮಾಡುವಂತೆ ಕೇಳಲೂ ಅದು ಆಧಾರ.

ಮೊದಲನೆಯವರು: ಜನ ಇಷ್ಟಕ್ಕೆಲ್ಲ ಕಾಯುವುದಿಲ್ಲ. ಒಂದು ಅಪಘಾತ ಆಯಿತೆಂದರೆ ಮರುದಿನವೇ ನಾಲ್ಕು ಬುಟ್ಟಿ ಸಿಮೆಂಟು ತಂದು ಹಂಪ್ ಕಟ್ಟುತ್ತಾರೆ. ಅದೂ ಸಮುದಾಯದ ಪ್ರಯತ್ನವೇ ತಾನೆ?

ಎರಡನೆಯವರು: ಪ್ರಯತ್ನವೇನೋ ಹೌದು. ಆದರೆ ಆ ಹಂಪ್ ಹೇಗಿರುತ್ತದೆ ನೋಡಿ. ಒಂದಡಿ ಅಗಲ, ಅರ್ಧ ಅಡಿ ಎತ್ತರದ ದಿಂಡು. ಬಣ್ಣ ಇಲ್ಲ, ಮುಂಚೆ ಸೂಚನೆ ಇಲ್ಲ. ರಾತ್ರಿ ಬೀದಿದೀಪ ಹೋದರೆ ಬೈಕಿನವನಿಗೆ ಅದು ಕಾಣುವುದು ಹಾರಿಬಿದ್ದ ಮೇಲೆ. ಕಾರು ಓಡಿಸುವವನಿಗೆ ಇನ್ನೊಂದು ವಿದ್ಯೆ ಗೊತ್ತಿರುತ್ತದೆ: ಗಿಡ್ಡ ದಿಂಡನ್ನು ಜೋರಾಗಿ ದಾಟಿದರೆ ಸಸ್ಪೆನ್ಷನ್ ಪೆಟ್ಟನ್ನು ನುಂಗುತ್ತದೆ, ಮೈಗೆ ಅಷ್ಟು ತಾಗುವುದಿಲ್ಲ. ಅದೇ ದಿಂಡಿನ ಮೇಲೆ ಆಂಬ್ಯುಲೆನ್ಸಿನಲ್ಲಿ ಮಲಗಿದ ರೋಗಿಯ ಪಾಡು ಹೇಳಬೇಕಿಲ್ಲ. ವೇಗ ತಗ್ಗಿಸಬೇಕಾದವನನ್ನು ಬಿಟ್ಟು ಬೇರೆ ಎಲ್ಲರನ್ನೂ ಅದು ಶಿಕ್ಷಿಸುತ್ತದೆ.

ಮೊದಲನೆಯವರು: ಸರಿಯಾದ ಹಂಪ್ ಎಂದರೆ ಹೇಗಿರಬೇಕು?

ಎರಡನೆಯವರು: ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಹಿತೆ 1988ರಿಂದಲೇ ಅಳತೆ ಕೊಟ್ಟಿದೆ. ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಈ ಮೂರು ಅಂಕಿಗಳು ಒಂದಕ್ಕೊಂದು ಬೆಸೆದಿವೆ: 17 ಮೀಟರ್ ತ್ರಿಜ್ಯದ ವೃತ್ತದಿಂದ 3.7 ಮೀಟರ್ ತುಂಡು ಕತ್ತರಿಸಿದರೆ ನಡುವಿನ ಎತ್ತರ ತಾನಾಗಿ 10 ಸೆಂಟಿಮೀಟರ್ ಬರುತ್ತದೆ. ಕಂತ್ರಾಟುದಾರನಿಗೆ ಗಣಿತ ಬೇಡ; 17 ಮೀಟರ್ ಹಗ್ಗ ಹಿಡಿದು ಹಲಗೆಯ ಮೇಲೆ ಕಮಾನು ಗೀಚಿ ಕೊಯ್ದರೆ ಅಚ್ಚು ಸಿದ್ಧ, ಹಸಿ ಡಾಂಬರಿನ ಮೇಲೆ ಅದನ್ನು ಎಳೆದರೆ ಆಯಿತು. ಇಂಥ ಹಂಪಿನ ಮೇಲೆ 25 ಕಿ.ಮೀ. ವೇಗದಲ್ಲಿ ಕಾರು ಮೆತ್ತಗೆ ಏರಿ ಇಳಿಯುತ್ತದೆ. 40ರಲ್ಲಿ ಬಂದವನಿಗೆ ಹೊಟ್ಟೆ ಕಲಕುತ್ತದೆ. ಮುಂಚೆ ಹೇಳಿದ ದಿಂಡಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಇಲ್ಲಿ ಜೋರಾಗಿ ಬಂದಷ್ಟೂ ಕಷ್ಟ ಹೆಚ್ಚು.

ಮೊದಲನೆಯವರು: ಒಂದು ಹಂಪ್ ದಾಟಿದ ತಕ್ಷಣ ಮತ್ತೆ ಎಕ್ಸಲರೇಟರ್ ತಿರುವುತ್ತಾರೆ.

ಎರಡನೆಯವರು: ಅದಕ್ಕೇ ಒಂಟಿ ಹಂಪಿನಿಂದ ಪ್ರಯೋಜನ ಕಡಿಮೆ. 100ರಿಂದ 120 ಮೀಟರಿಗೆ ಒಂದರಂತೆ ಸಾಲಾಗಿ ಹಾಕಬೇಕು, ಕಪ್ಪು-ಬಿಳಿ ಪಟ್ಟೆ ಬಳಿಯಬೇಕು, ಮೊದಲನೆಯದಕ್ಕೆ 40 ಮೀಟರ್ ಮುಂಚೆ ಫಲಕ ಇಡಬೇಕು. ಇಷ್ಟನ್ನೂ ಸಂಹಿತೆಯೇ ಹೇಳಿದೆ. ಪಾಲಿಕೆಯ ಎಂಜಿನಿಯರ್‌ಗೆ ಹೊಸ ವಿಷಯವೇನಲ್ಲ. ರಸ್ತೆಗೆ ಹೊಸ ಡಾಂಬರು ಬಿದ್ದಾಗ ಹಳೆಯ ಹಂಪ್ ಅದರಡಿ ಹೂತುಹೋಗುತ್ತದೆ, ಬಣ್ಣ ಒಂದು ಮಳೆಗಾಲಕ್ಕೆ ಅಳಿಯುತ್ತದೆ. ಮತ್ತೆ ಬಳಿಯುವ ಕೆಲಸ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಸೋಲುವುದು ಇಲ್ಲಿ.

ಈ ಹಂತದಲ್ಲಿ ಚರ್ಚೆ ನಾಗರಿಕರ ಪಾತ್ರದ ಕಡೆಗೆ ಹೊರಳಿತು. ಇಂಗ್ಲೆಂಡಿನ ಹಳ್ಳಿ-ಪಟ್ಟಣಗಳಲ್ಲಿ ಕಮ್ಯುನಿಟಿ ಸ್ಪೀಡ್‌ವಾಚ್ ಎಂಬ ಪದ್ಧತಿ ಇದೆ. ಪೊಲೀಸರಿಂದ ತರಬೇತಿ ಪಡೆದ ಸ್ವಯಂಸೇವಕರು ಹೊಳೆಯುವ ಜಾಕೆಟ್ ತೊಟ್ಟು ರಸ್ತೆಬದಿ ನಿಂತು ವೇಗಮಾಪಕದಿಂದ ಅಳೆದು, ಮಿತಿ ಮೀರಿದ ಗಾಡಿಗಳ ನಂಬರ್ ಬರೆದುಕೊಳ್ಳುತ್ತಾರೆ. ಮಾಲೀಕನಿಗೆ ಪೊಲೀಸರಿಂದ ಎಚ್ಚರಿಕೆಯ ಪತ್ರ ಹೋಗುತ್ತದೆ. ಆ ಅಳತೆಯ ಮೇಲೆ ದಂಡ ಬೀಳುವುದಿಲ್ಲ. ಮತ್ತೆ ಮತ್ತೆ ಅದೇ ನಂಬರ್ ಬಂದರೆ ಪೊಲೀಸರೇ ಮನೆಗೆ ಹೋಗಿ ಮಾತಾಡುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಬೆಂಗಳೂರು ಸಂಚಾರ ಪೊಲೀಸರು 2015ರಲ್ಲಿ ತಂದ ಪಬ್ಲಿಕ್ ಐ ಆ್ಯಪ್. ನಾಗರಿಕರು ಉಲ್ಲಂಘನೆಯ ಫೋಟೊ ಕಳಿಸಿದರೆ ಪೊಲೀಸರು ನೋಟಿಸ್ ಕಳಿಸುವ ವ್ಯವಸ್ಥೆ ಅದು. ಹೆಲ್ಮೆಟ್ ಇಲ್ಲದ್ದು, ಫುಟ್‌ಪಾತಿನ ಮೇಲೆ ನಿಲ್ಲಿಸಿದ್ದು ಫೋಟೊದಲ್ಲಿ ಕಾಣುತ್ತದೆ. ವೇಗ ಕಾಣುವುದಿಲ್ಲ.

ಮೊದಲನೆಯವರು: ಹಾಗಾದರೆ ಖೂಬಾ ಪ್ಲಾಟಿನ ನಾಲ್ಕು ಜನ ಸೇರಿ ವೇಗ ಅಳೆದು ಪೊಲೀಸರಿಗೆ ನಂಬರ್ ಕೊಟ್ಟರೆ ಕೇಸು ನಿಲ್ಲುವುದಿಲ್ಲವೇ?

ಎರಡನೆಯವರು: ನಿಲ್ಲುವುದಿಲ್ಲ. 183ನೇ ಕಲಮಿನ ಮೂರನೇ ಉಪಕಲಂ ಓದಬೇಕು. "ಗಾಡಿ ಜೋರಾಗಿ ಹೋಗುತ್ತಿತ್ತು ಅನಿಸಿತು" ಎಂಬ ಒಬ್ಬ ಸಾಕ್ಷಿಯ ಅಭಿಪ್ರಾಯದ ಮೇಲೆ ಮಾತ್ರ ಯಾರನ್ನೂ ಅಪರಾಧಿ ಎನ್ನುವಂತಿಲ್ಲ. ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಅಳತೆ ಆಧಾರವಾಗಿರಬೇಕು. ಸಾಕ್ಷಿ ಪೇದೆಯಾದರೂ ಇದೇ ನಿಯಮ. ಸಾಧನಕ್ಕೂ ನಿಯಮವಿದೆ. 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಸ್ಪೀಡ್ ಗನ್, ಕ್ಯಾಮೆರಾಗಳಿಗೆ ವರ್ಷವರ್ಷ ನವೀಕರಿಸುವ ಪ್ರಮಾಣಪತ್ರ ಬೇಕು. ಕ್ಯಾಮೆರಾ ಕಣ್ಣಿಟ್ಟ ರಸ್ತೆಗೆ ಮುಂಚೆ ಎಚ್ಚರಿಕೆಯ ಫಲಕ ಇರಬೇಕು, ನೋಟಿಸ್ 15 ದಿನದೊಳಗೆ ಹೋಗಬೇಕು. 2025ರ ಜುಲೈ 1ರಿಂದ ರಡಾರ್ ವೇಗಮಾಪಕಗಳು ತೂಕ-ಅಳತೆ ಇಲಾಖೆಯ ಪರೀಕ್ಷೆಗೂ ಮುದ್ರೆಗೂ ಒಳಪಟ್ಟಿವೆ.

ಮೊದಲನೆಯವರು: ರಡಾರ್ ಗನ್ ತಪ್ಪು ತೋರಿಸುತ್ತದೆ ಎಂದು ಚಾಲಕರು ವಾದಿಸುತ್ತಾರಲ್ಲ?

ಎರಡನೆಯವರು: ಒಂದು ತಪ್ಪು ಅದರ ಹುಟ್ಟಿನಲ್ಲೇ ಇದೆ, ಆದರೆ ಅದು ಚಾಲಕನ ಪರ. ಗನ್ ಕಳಿಸಿದ ಅಲೆ ಗಾಡಿಗೆ ಬಡಿದು ಮರಳುವಾಗ ಅದರ ಕಂಪನಾಂಕ ಬದಲಾಗುತ್ತದೆ, ಆ ಬದಲಾವಣೆಯಿಂದ ವೇಗದ ಲೆಕ್ಕ. ಪೇದೆ ರಸ್ತೆಯ ನಡುವೆ ನಿಲ್ಲಲಾರ, ಬದಿಯಲ್ಲಿ ಓರೆಯಾಗಿ ಹಿಡಿಯುತ್ತಾನೆ. ಓರೆ 20 ಡಿಗ್ರಿ ಇದ್ದರೆ 60ರಲ್ಲಿ ಬರುವ ಗಾಡಿ 56 ಎಂದು ಕಾಣುತ್ತದೆ. ಲೇಸರ್ ಗನ್ನಿನಲ್ಲೂ ಓರೆಯಾದರೆ ಅಂಕಿ ಕೆಳಗೇ ಬರುತ್ತದೆ.

ಮೊದಲನೆಯವರು: ಹಾಗಿದ್ದರೆ ನಾಗರಿಕರ ಕೈಲಿ ಆಗುವುದೇನು? ಬ್ಯಾನರ್ ಕಟ್ಟಿ ಸಪ್ತಾಹ ಆಚರಿಸುವುದೇ?

ಎರಡನೆಯವರು: ಅಳೆಯುವುದು. ಶಿಕ್ಷೆಗೆ ಬಾರದ ಅಳತೆ ಯೋಜನೆಗೆ ಧಾರಾಳವಾಗಿ ಬರುತ್ತದೆ. ಟೇಪಿನಿಂದ 50 ಮೀಟರ್ ಅಳೆದು ರಸ್ತೆಯ ಅಂಚಿನಲ್ಲಿ ಎರಡು ಸುಣ್ಣದ ಗೆರೆ ಎಳೆಯಬೇಕು. ಒಬ್ಬರು ಮೊದಲ ಗೆರೆಯ ಬಳಿ ಕೈ ಇಳಿಸುತ್ತಾರೆ, ಇನ್ನೊಬ್ಬರು ಎರಡನೇ ಗೆರೆಯ ಬಳಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದಿರುತ್ತಾರೆ. ಗಾಡಿ ಆ ದೂರವನ್ನು 6 ಸೆಕೆಂಡಿನಲ್ಲಿ ದಾಟಿದರೆ ವೇಗ 30. 5 ಸೆಕೆಂಡಿಗೆ 36, 4 ಸೆಕೆಂಡಿಗೆ 45, 3 ಸೆಕೆಂಡಿಗೆ 60. ಕೈಯ ತಡ ಮೂರನೇ ಒಂದು ಸೆಕೆಂಡಿನವರೆಗೂ ಆಗಬಹುದು, ಅದಕ್ಕೆ ಒಂದೊಂದೇ ಗಾಡಿಯ ಅಂಕಿಯನ್ನು ನಂಬುವಂತಿಲ್ಲ. ನೂರು ಗಾಡಿ ಅಳೆದರೆ ಏರುಪೇರು ಒಂದಕ್ಕೊಂದು ಹೊಡೆದುಹೋಗಿ ರಸ್ತೆಯ ಚಿತ್ರ ನಿಲ್ಲುತ್ತದೆ. ಆ ನೂರನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ 85ನೆಯದನ್ನು ನೋಡಬೇಕು. ರಸ್ತೆ ಎಂಜಿನಿಯರ್‌ಗಳು ಕೇಳುವುದು ಆ ಅಂಕಿಯನ್ನೇ. ಅದು 32 ಇದ್ದರೆ ಓಣಿಗೆ ಫಲಕ ಸಾಕು. ನಾಲ್ಕು ಪುಂಡರಿಗೆ ಪೊಲೀಸರಿದ್ದಾರೆ. 48 ಇದ್ದರೆ ತಪ್ಪು ಪುಂಡರದ್ದಲ್ಲ, ರಸ್ತೆಯದ್ದು. ಅಲ್ಲಿ ಹಂಪ್ ಬೇಕು, ಇಲ್ಲವೇ ರಸ್ತೆಯ ಬಾಯಿ ಕಿರಿದಾಗಬೇಕು.

ಮೊದಲನೆಯವರು: ಗಾಡಿ ತಡೆದು ಬುದ್ಧಿ ಹೇಳಬಹುದೇ?

ಎರಡನೆಯವರು: ಕೂಡದು. ಗಾಡಿ ನಿಲ್ಲಿಸುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸರಿಗೆ, ಸಾರಿಗೆ ಇಲಾಖೆಯ ಅಧಿಕಾರಿಗಳಿಗೆ ಇದೆ. ಓಣಿಯವರು ಅಡ್ಡಗಟ್ಟಿದರೆ ಮಾತಿಗೆ ಮಾತು ಬೆಳೆದು ಕೇಸು ಅವರ ಮೇಲೇ ಆಗುತ್ತದೆ. ನಂಬರ್ ಪ್ಲೇಟ್ ಫೋಟೊ ಹಿಡಿದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವುದೂ ಬೇಡ. ಬೇಕಾಗಿರುವುದು ರಸ್ತೆಯ ಲೆಕ್ಕ, ವ್ಯಕ್ತಿಯ ಮಾನಹಾನಿ ಬೇಡ. ಒಂದು ಅಪವಾದ ಉಂಟು: ಲೈಸನ್ಸಿನ ವಯಸ್ಸಾಗದ ಮಕ್ಕಳು ಓಡಿಸುವ ಸ್ಕೂಟರ್. ಅದು ಓಣಿಯಲ್ಲೇ, ಮನೆಯಲ್ಲೇ ಮುಗಿಯಬೇಕಾದ ಮಾತು. 199ಎ ಕಲಮಿನಡಿ ಶಿಕ್ಷೆ ಪಾಲಕರಿಗೆ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ. ಟ್ಯೂಷನ್ನಿಗೆ ತಡವಾಗುತ್ತದೆಂದು ಕೀಲಿಕೈ ಕೊಡುವ ಅಪ್ಪಂದಿರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಮೂರನೆಯವರು: ಇದುವರೆಗಿನ ಮಾತೆಲ್ಲ ಓಣಿಗೆ ಸರಿ. ಕಮಲಾಪುರಕ್ಕೆ ಬಂದರೆ ಇದರಲ್ಲಿ ಅರ್ಧ ನಡೆಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ ಮೇಲೆ ಹಂಪ್ ಹಾಕುವಂತಿಲ್ಲ. ಇದ್ದವನ್ನೂ ತೆಗೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ಗಡಗಡ ಎನ್ನುವ ಪಟ್ಟಿಗಳನ್ನು ಬಳಿಯಬಹುದು, ಅಷ್ಟೆ. ಊರು ಇರುವುದೋ ಅದೇ ರಸ್ತೆಯ ಎರಡೂ ಬದಿಗೆ.

ಎರಡನೆಯವರು: ಅಲ್ಲಿನ ಅಪಘಾತದ ಸ್ವರೂಪವೂ ಬೇರೆ.

ಮೂರನೆಯವರು: 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಗುದ್ದಿ, ಸೇತುವೆಯಿಂದ ಕೆಳಗಿಳಿದು ಹೊತ್ತಿಕೊಂಡಿತು. ಕನಿಷ್ಠ ಏಳು ಮಂದಿ ಸಜೀವ ದಹನವಾದರು. 2025ರ ಏಪ್ರಿಲ್ 5ರಂದು ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಬಳಿ, ಬಾಗಲಕೋಟೆ ಕಡೆಯಿಂದ ಕಲಬುರಗಿಯ ದರ್ಗಾಕ್ಕೆ ಬರುತ್ತಿದ್ದವರ ವ್ಯಾನು ರಸ್ತೆಬದಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ ಐವರು ಸತ್ತರು. ಈ ಎರಡನೆಯದು ನಸುಕಿನ ಹೊತ್ತಿನದು. ಆ ಹೊತ್ತಿಗೆ ರಸ್ತೆಯಲ್ಲಿ ಪೊಲೀಸರೂ ಕಡಿಮೆ, ಚಾಲಕನ ಕಣ್ಣಿನಲ್ಲಿ ಬೆಳಕೂ ಕಡಿಮೆ.

ಎರಡನೆಯವರು: ಕತ್ತಲಿನಲ್ಲಿ ವೇಗದ ಲೆಕ್ಕ ದೀಪದಿಂದ ಶುರುವಾಗಬೇಕು. ಡಿಮ್ ದೀಪ ಚೆನ್ನಾಗಿ ತೋರಿಸುವುದು ಸುಮಾರು 40–50 ಮೀಟರ್. 80ರಲ್ಲಿರುವ ಕಾರು ನಿಲ್ಲಲು, ಮುಂಚಿನ ಲೆಕ್ಕದಂತೆಯೇ, 57 ಮೀಟರ್ ಬೇಕು. ಕಂಡ ಮೇಲೆ ನಿಲ್ಲಿಸುತ್ತೇನೆ ಎನ್ನುವಂತಿಲ್ಲ. ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ತೊಗರಿ ರಾಶಿಯ ಕಾಲಕ್ಕೆ, ಕಬ್ಬು ಕಡಿಯುವ ಕಾಲಕ್ಕೆ ಹಿಂದೀಪ ಇಲ್ಲದ ಟ್ರಾಲಿಗಳು ಇದೇ ರಸ್ತೆಗೆ ಇಳಿಯುತ್ತವೆ.

ಮೂರನೆಯವರು: ಹಳ್ಳಿಯವರು ಕೂಡಲೇ ಮಾಡಬಹುದಾದ ಕೆಲಸ ಅಲ್ಲಿದೆ. ಟ್ರಾಲಿಯ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ, ಎಪಿಎಂಸಿ ಬಾಗಿಲಲ್ಲಿ ಪಟ್ಟಿ ಇಲ್ಲದ ಟ್ರಾಲಿಗೆ ತೂಕ ಇಲ್ಲ ಎಂದು ಬಿಟ್ಟರೆ ವಾರದಲ್ಲಿ ಕೆಲಸ ಮುಗಿಯುತ್ತದೆ.

ಮೊದಲನೆಯವರು: ಬಸ್ಸಿನವರ ವೇಗಕ್ಕೆ?

ಮೂರನೆಯವರು: 183ರಲ್ಲೇ ಇನ್ನೊಂದು ಉಪಕಲಂ ಇದೆ, ನಾಲ್ಕನೆಯದು. ಮಿತಿ ಮೀರದೆ ಪೂರೈಸಲು ಆಗದಂಥ ವೇಳಾಪಟ್ಟಿ ಪ್ರಕಟಿಸಿದರೆ, ಇಷ್ಟು ಹೊತ್ತಿಗೆ ತಲುಪು ಎಂದು ಹೇಳಿದರೆ, ಆ ವೇಳಾಪಟ್ಟಿಯೇ ಮಾಲೀಕನ ವಿರುದ್ಧ ಮೇಲ್ನೋಟದ ಸಾಕ್ಷ್ಯ. ಚಾಲಕನ ಹಿಂದೆ ಕೂತು ಕಾಲು ಒತ್ತಿಸುವವನನ್ನು ಹಿಡಿಯುವ ಕಲಂ ಇದು. ರಾತ್ರಿ ಬಸ್ಸಿಗೂ ಹೊಂದುತ್ತದೆ, ಊಟ ತಲುಪಿಸುವ ಬೈಕಿಗೂ ಹೊಂದುತ್ತದೆ. ಇದನ್ನು ಬಳಸಿದ ಸುದ್ದಿ ಪೇಪರಿನಲ್ಲಿ ಬರುವುದೇ ಅಪರೂಪ.

ಎರಡನೆಯವರು: ಹೆದ್ದಾರಿಗೆ ಕ್ಯಾಮೆರಾ ಬೇಕು, ಓಣಿಗೆ ಹಂಪಿನ ಕಮಾನು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಡುವುದರಿಂದಲೇ ಅರ್ಧ ಹಣ ವ್ಯರ್ಥ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ ನಿಲ್ಲಿಸಿದರು, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕಿದರು. 2024ರ ಆಗಸ್ಟ್‌ನಿಂದ 130 ಮೀರಿದರೆ ಎಫ್‌ಐಆರ್ ಎಂದರು. ಸಾವು ಇಳಿಯಿತು.

ಮೂರನೆಯವರು: ಅಲ್ಲಿ ಬೈಕಿಗೆ ಪಕ್ಕದ ಸರ್ವಿಸ್ ರಸ್ತೆ ಇದೆ. ಕಮಲಾಪುರದ ಬೈಕು ಎಲ್ಲಿಗೆ ಹೋಗಬೇಕು? ಇನ್ನು ಒಂಟಿ ಕ್ಯಾಮೆರಾ ಕಂಡರೆ ಬ್ರೇಕ್, ದಾಟಿದರೆ ಮತ್ತೆ ಓಟ.

ಎರಡನೆಯವರು: ಅದಕ್ಕೆ ಜೋಡಿ ಕ್ಯಾಮೆರಾ. ಹತ್ತು ಕಿ.ಮೀ. ಅಂತರದಲ್ಲಿ ಎರಡು ಕಡೆ ನಂಬರ್ ಓದಿಸಿ ನಡುವಿನ ಸಮಯ ನೋಡಿದರೆ ಸಾಕು. 80ರ ಮಿತಿಯಲ್ಲಿ ಏಳೂವರೆ ನಿಮಿಷ ಹಿಡಿಯಬೇಕು. ಆರು ನಿಮಿಷಕ್ಕೆ ಬಂದವನ ಸರಾಸರಿ 100. ಎಲ್ಲೋ ಒಂದು ಕಡೆ ಬ್ರೇಕ್ ಹೊಡೆದು ತಪ್ಪಿಸಿಕೊಳ್ಳಲು ಬಾರದು. 167ಎ ನಿಯಮದಲ್ಲಿ ಹೆದ್ದಾರಿಗಳ ಅಪಾಯದ ಭಾಗಗಳೂ ಬರುತ್ತವೆ, ನಿಯಮಕ್ಕೆ ಲಗತ್ತಿಸಿದ 132 ನಗರಗಳ ಪಟ್ಟಿಯಲ್ಲಿ ಕಲಬುರಗಿಯ ಹೆಸರೂ ಇದೆ. ಕೇಳಲು ಹಕ್ಕು ಇದೆ ಎಂದಾಯಿತು.

ಮೂರನೆಯವರು: ಕೇಳುವಾಗ "ಬ್ಲ್ಯಾಕ್ ಸ್ಪಾಟ್" ಎಂದು ಸುಮ್ಮನೆ ಬರೆದರೆ ಫೈಲು ಮರಳಿ ಬರುತ್ತದೆ. ಅದಕ್ಕೆ ಅಳತೆ ಇದೆ: ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ಭಾರಿ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು. ಠಾಣೆಯ ಎಫ್‌ಐಆರ್‌ಗಳಿಂದ ಈ ಲೆಕ್ಕ ಸಿಗುತ್ತದೆ. ಹತ್ತು ಜನ ಸಾಯುವವರೆಗೆ ಕಾಯಬೇಕಾದ ಲೆಕ್ಕ ಇದು ಎಂಬ ಬೇಸರವೂ ಇದ್ದದ್ದೇ.

ಮೊದಲನೆಯವರು: ದೇಶದ ಲೆಕ್ಕದಲ್ಲಿ ವೇಗದ ಪಾಲು ಎಷ್ಟು?

ಎರಡನೆಯವರು: 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಮಂದಿ. ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಎಂದು ಸಚಿವಾಲಯದ ವರದಿ ಬರೆಯಿತು. ಕರ್ನಾಟಕದ ಪಾಲು 11,702. ಶೇ 71 ಎಂಬುದನ್ನು ಸ್ವಲ್ಪ ಹಿಡಿದು ಓದಬೇಕು. ಎಫ್‌ಐಆರ್ ಬರೆಯುವಾಗ "ಅತಿವೇಗ ಮತ್ತು ನಿರ್ಲಕ್ಷ್ಯ" ಎಂಬ ಸಾಲು ಕೈಗೆ ತಾನಾಗಿ ಬರುತ್ತದೆ, ರಸ್ತೆಯ ಗುಂಡಿ, ಕಾಣದ ತಿರುವು ಅದರಡಿ ಮುಚ್ಚಿಹೋಗುತ್ತವೆ. ಹಾಗೆಂದು ವೇಗದ ಪಾಲು ಸಣ್ಣದೇನೂ ಅಲ್ಲ. ಉಳಿದ ಕಾರಣ ಯಾವುದೇ ಇರಲಿ, ಗಾಯವೋ ಸಾವೋ ಎಂದು ತೀರ್ಮಾನಿಸುವುದು ಗುದ್ದಿದ ಕ್ಷಣದ ವೇಗ.

ಮೊದಲನೆಯವರು: ಅಪಘಾತ ಆದಮೇಲೆ ಜನ ಹಿಂಜರಿಯುತ್ತಾರೆ. ಠಾಣೆ, ಕೋರ್ಟು ಅಲೆದಾಟ ಯಾರಿಗೆ ಬೇಕು ಎಂದು.

ಮೂರನೆಯವರು: ಆ ಹೆದರಿಕೆಗೆ ಈಗ ಆಧಾರವಿಲ್ಲ. ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ದೇಶದಲ್ಲಿ ಮೊದಲು ಮಾಡಿದ್ದೇ ಕರ್ನಾಟಕ. ಆಮೇಲೆ ಕೇಂದ್ರದ ಕಾಯ್ದೆಗೂ 134ಎ ಕಲಂ ಸೇರಿತು. ದವಾಖಾನೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ. 2025ರ ಮೇ ತಿಂಗಳಿಂದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ. ಹೆದ್ದಾರಿ ಬದಿಯ ಹೋಟೆಲಿನವರು, ಪಂಕ್ಚರ್ ಅಂಗಡಿಯವರು, ಬಾಳೆಹಣ್ಣು ಮಾರುವವರು ಇದನ್ನು ತಿಳಿದಿರಬೇಕು. ಅಪಘಾತದ ಜಾಗಕ್ಕೆ ಮೊದಲು ತಲುಪುವವರು ಅವರೇ.

ಮೊದಲನೆಯವರು: ಹಾಗಾದರೆ ಖೂಬಾ ಪ್ಲಾಟಿನವರು ನಾಳೆ ಬೆಳಿಗ್ಗೆ ಏನು ಮಾಡಬೇಕು? ಒಂದೇ ಮಾತಿನಲ್ಲಿ.

ಎರಡನೆಯವರು: ಒಂದು ಅರ್ಜಿ ಬರೆಯಬೇಕು. "ಗಾಡಿಗಳು ಜೋರಾಗಿ ಹೋಗುತ್ತವೆ, ಕ್ರಮ ಕೈಗೊಳ್ಳಿ" ಎಂಬ ಅರ್ಜಿ ಬೇಡ, ಅಂಥವು ಕಚೇರಿಯಲ್ಲಿ ರಾಶಿ ಬಿದ್ದಿವೆ. ಯಾವ ರಸ್ತೆ, ಯಾವ ಅಡ್ಡರಸ್ತೆಯಿಂದ ಯಾವುದರವರೆಗೆ, ಶಾಲೆ ಬಿಡುವ ಹೊತ್ತಿನಲ್ಲಿ ಅಳೆದ ನೂರು ಗಾಡಿಗಳ ಪಟ್ಟಿ, 85ನೇ ಗಾಡಿಯ ವೇಗ, ಹಂಪ್ ಬೇಕಾದ ಜಾಗಗಳ ಕೈನಕ್ಷೆ, 30ರ ಮಿತಿಗೆ 112ನೇ ಕಲಮಿನ ಉಲ್ಲೇಖ. ಇಷ್ಟು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಪಾಲಿಕೆ ಆಯುಕ್ತರಿಗೆ ಒಂದು ಪ್ರತಿ, ಪೊಲೀಸ್ ಕಮಿಷನರಿಗೆ ಒಂದು, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು.

ಮೂರನೆಯವರು: ಕಮಲಾಪುರದವರ ಅರ್ಜಿಯಲ್ಲಿ ಪಾಲಿಕೆಯ ಜಾಗಕ್ಕೆ ಹೆದ್ದಾರಿ ಇಲಾಖೆ, ಕಮಿಷನರ್ ಜಾಗಕ್ಕೆ ಎಸ್‌ಪಿ. ಸಮಿತಿ ಮಾತ್ರ ಎರಡಕ್ಕೂ ಒಂದೇ.

ಎರಡನೆಯವರು: ಪ್ರತಿಯೊಂದರ ಮೇಲೂ ಸ್ವೀಕೃತಿಯ ಮುದ್ರೆ ಮತ್ತು ತಾರೀಕು ಹಾಕಿಸಿಕೊಂಡು ಬರಬೇಕು. ಅರ್ಜಿ ಎಲ್ಲಿಗೆ ಬಂತು ಎಂದು ಆಮೇಲೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅದಕ್ಕೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು.